ಚಿಕ್ಕ ಮಕ್ಕಳ ಜೊಲ್ಲಿಗೊಂದು ಬತ್ತಿ: ಸಲೈವಾಬಯೊ ಚಿಲ್ಡ್ರನ್ಸ್ ಸ್ವಾಬ್ ಬಳಸಿ ನೋಡಿದಾಗ

ಆರು ತಿಂಗಳು ತುಂಬಿದ ಕೂಸಿನಿಂದ ಆರು ವರ್ಷದ ಮಗುವಿನವರೆಗೆ ಬಳಸಬಹುದೆಂದು ತಯಾರಕರು ಹೇಳುವ ಈ ವಸ್ತು ನೋಡುವುದಕ್ಕೆ ತೀರ ಸಾಧಾರಣವಾಗಿದೆ. ಬಿಳಿಯ ಕೃತಕ ನಾರಿನಿಂದ ಮಾಡಿದ, ಕಿರುಬೆರಳಿಗಿಂತ ಸಣ್ಣನೆಯ, ಸುಮಾರು ಹನ್ನೆರಡು ಸೆಂಟಿಮೀಟರ್ ಉದ್ದದ ಮೆತ್ತನೆಯ ಬತ್ತಿ; ಅದಕ್ಕೆ ಹಿಡಿಕೆಯಿಲ್ಲ, ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ಒಂದು ತುದಿಯನ್ನು ದೊಡ್ಡವರು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ತುದಿಯನ್ನು ಮಗುವಿನ ನಾಲಗೆಯ ಅಡಿಗೋ ಕೆನ್ನೆಯ ಒಳಬದಿಗೋ ಇಟ್ಟು, ಒಂದೂವರೆ ನಿಮಿಷದಷ್ಟು ಹೊತ್ತು ಜೊಲ್ಲಿನಲ್ಲಿ ನೆನೆಯಲು ಬಿಟ್ಟರೆ ಪರೀಕ್ಷೆಗೆ ಬೇಕಾದ ಮಾದರಿ ಸಿಕ್ಕಿ ಕೆಲಸ ಮುಗಿಯಿತು. ಅಮೆರಿಕದ ಸಲಿಮೆಟ್ರಿಕ್ಸ್ ಕಂಪನಿ ಇದನ್ನು ‘ಸಲೈವಾಬಯೊ ಚಿಲ್ಡ್ರನ್ಸ್ ಸ್ವಾಬ್’ ಎಂಬ ಹೆಸರಿನಲ್ಲಿ ಮಾರುತ್ತದೆ. ಜೊಲ್ಲಿನ ರಸಾಯನವನ್ನು ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ತಂದವರಲ್ಲಿ ಪ್ರಮುಖರಾದ ಡಗ್ಲಸ್ ಗ್ರೇಂಜರ್ 1998ರಲ್ಲಿ ಸ್ಥಾಪಿಸಿದ ಕಂಪನಿ ಇದು. ಮಕ್ಕಳ ಬೆಳವಣಿಗೆಯ ಅಧ್ಯಯನವೊಂದರಲ್ಲಿ ಮನೆಮನೆಗೆ ಹೋಗಿ ಮಾದರಿ ಸಂಗ್ರಹಿಸುವ ಕೆಲಸದಲ್ಲಿ ಇರುವುದರಿಂದ ಈ ಬತ್ತಿಯನ್ನು ಸಾಕಷ್ಟು ಬಳಸಿದ್ದೇನೆ. ಬೇರೆ ವಿಧಾನಗಳ ಜೊತೆ ಹೋಲಿಸಿ ನೋಡುವ ಅವಕಾಶವೂ ಸಿಕ್ಕಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಶೋಧನೆ ಮಾಡುವವರಿಗೆ ಇದು ಬಹಳ ಒಳ್ಳೆಯ ವಸ್ತು, ತಂದೆತಾಯಿಗಳು ಮನೆಗೆ ತರಿಸಿಕೊಳ್ಳಬೇಕಾದ ವಸ್ತುವಲ್ಲ.

ಜೊಲ್ಲನ್ನೇ ಏಕೆ ಹುಡುಕಿಕೊಂಡು ಹೋಗಬೇಕು ಎಂಬುದನ್ನು ತಿಳಿಯದೆ ಬತ್ತಿಯ ಗುಣದೋಷ ಅರ್ಥವಾಗುವುದಿಲ್ಲ. ಮಗು ಹೆದರಿದಾಗ, ಅಮ್ಮನಿಂದ ದೂರವಾದಾಗ, ಅಪರಿಚಿತರ ನಡುವೆ ಸಿಕ್ಕಿಕೊಂಡಾಗ ಮಿದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ, ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಅದರ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿದ್ದು ನಿಷ್ಕ್ರಿಯವಾಗಿರುತ್ತದೆ. ಅಂಟದೆ ಬಿಡಿಯಾಗಿ ಉಳಿದ ಸಣ್ಣ ಪಾಲೇ ದೇಹದ ಮೇಲೆ ಪರಿಣಾಮ ಬೀರುವುದು. ಕೊಬ್ಬಿನಲ್ಲಿ ಕರಗುವ ಗುಣವಿರುವ ಆ ಬಿಡಿ ಪಾಲು ಜೊಲ್ಲಿನ ಗ್ರಂಥಿಗಳ ಕೋಶಗಳನ್ನು ದಾಟಿ ಬಾಯಿಗೆ ಬರುತ್ತದೆ, ಜೊಲ್ಲು ಹೆಚ್ಚು ಸುರಿದರೂ ಕಡಿಮೆ ಸುರಿದರೂ ಅದರ ಸಾಂದ್ರತೆ ಅಷ್ಟಾಗಿ ಬದಲಾಗುವುದಿಲ್ಲ. ಹೀಗಾಗಿ ಸೂಜಿ ಚುಚ್ಚದೆಯೇ, ಚುಚ್ಚುವ ಭಯದಿಂದಲೇ ಹಾರ್ಮೋನು ಏರಿಬಿಡುವ ಅಪಾಯವಿಲ್ಲದೆಯೇ, ಮಗುವಿನ ದೇಹದ ಒತ್ತಡ ವ್ಯವಸ್ಥೆಯನ್ನು ಅಳೆಯಲು ಸಾಧ್ಯವಾಗಿದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಡಿರ್ಕ್ ಹೆಲ್‌ಹಾಮರ್ 1980ರ ದಶಕದಿಂದ ಮಾಡಿದ ಕೆಲಸ ಈ ವಿಧಾನಕ್ಕೆ ಗಟ್ಟಿ ತಳಪಾಯ ಹಾಕಿತು.

ತತ್ತ್ವ ಸುಲಭವಾಗಿದ್ದರೂ ಎರಡು ವರ್ಷದ ಮಗುವಿನ ಬಾಯಿಂದ ಜೊಲ್ಲು ತೆಗೆಯುವುದು ಸುಲಭವಲ್ಲ. ದೊಡ್ಡವರಾದರೆ ಬಾಯಲ್ಲಿ ತಾನಾಗಿ ತುಂಬಿದ ಜೊಲ್ಲನ್ನು ಒಂದು ಕೊಳವೆಯ ಮೂಲಕ ಸಣ್ಣ ಶೀಷೆಗೆ ಇಳಿಸುತ್ತಾರೆ. ಪ್ರಯೋಗಾಲಯದವರು ಇಂದಿಗೂ ಅತ್ಯುತ್ತಮವೆಂದು ಒಪ್ಪುವುದು ಆ ವಿಧಾನವನ್ನೇ. ಆದರೆ ಹೇಳಿದಾಗ ಉಗುಳಬೇಕು, ಹೇಳದಿದ್ದಾಗ ಉಗುಳಬಾರದು ಎಂಬ ನಿಯಮ ಮೂರು ನಾಲ್ಕು ವರ್ಷದ ಒಳಗಿನವರಿಗೆ ತಿಳಿಯುವುದಿಲ್ಲ. ಜರ್ಮನಿಯ ಸಾರ್‌ಸ್ಟೆಟ್ ಕಂಪನಿಯ ‘ಸಲಿವೆಟ್’ ಇನ್ನೊಂದು ದಾರಿ: ಕೊಳವೆಯೊಳಗೆ ಕೊಳವೆ, ಅದರೊಳಗೆ ಗಿಡ್ಡನೆಯ ಹತ್ತಿಯ ಅಥವಾ ಕೃತಕ ನಾರಿನ ಸುರುಳಿ. ಶಾಲೆಗೆ ಹೋಗುವ ಮಕ್ಕಳಿಗೂ ದೊಡ್ಡವರಿಗೂ ಅದು ಬಹಳ ಅನುಕೂಲ. ಅಗಿದು ಮತ್ತೆ ಕೊಳವೆಗೆ ಉಗುಳಿಬಿಟ್ಟರೆ ಸಾಕು, ಕೈ ತಾಗಿಸುವ ಅಗತ್ಯವೂ ಇಲ್ಲ. ಆದರೆ ಅದೇ ಗಿಡ್ಡ ಸುರುಳಿಯನ್ನು ಒಂದೂವರೆ ವರ್ಷದ ಮಗುವಿನ ಬಾಯೊಳಗೆ ಬಿಡಿಯಾಗಿ ಇಡಲು ನನಗೆ ಧೈರ್ಯ ಬರುವುದಿಲ್ಲ, ಯಾರಿಗೂ ಬರಬಾರದು. ಗಂಟಲಿಗೆ ಜಾರಿದರೆ ಮಾಡುವುದೇನು?

ಚಿಲ್ಡ್ರನ್ಸ್ ಸ್ವಾಬ್‌ನ ಉದ್ದಕ್ಕೆ ಅರ್ಥ ಬರುವುದು ಇಲ್ಲಿಯೇ. ಬತ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಸದಾ ಹೊರಗೆ, ದೊಡ್ಡವರ ಮುಷ್ಟಿಯಲ್ಲಿ ಇರುತ್ತದೆ. ಮಗು ಎಳೆದರೂ, ತಲೆ ತಿರುಗಿಸಿದರೂ, ಹೊಸದಾಗಿ ಬಂದ ಹಲ್ಲುಗಳಿಂದ ಜಗಿದರೂ ನಾರು ಕಿತ್ತುಬರುವುದಿಲ್ಲ. ದಂತವೈದ್ಯರು ಬಳಸುವ ಹತ್ತಿಯ ಸುರುಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇದೇ. ಹತ್ತಿ ಎಳೆಎಳೆಯಾಗಿ ಬಿಟ್ಟು ನಾಲಗೆಗೆ ಅಂಟುತ್ತದೆ, ಮಗು ಅಸಹ್ಯಪಟ್ಟು ಬಾಯಿ ಮುಚ್ಚಿಕೊಂಡುಬಿಡುತ್ತದೆ. ಹಲ್ಲು ಮೊಳೆಯುತ್ತಿರುವ ಎಂಟು ಹತ್ತು ತಿಂಗಳ ಕೂಸುಗಳಂತೂ ಈ ಬತ್ತಿಯನ್ನು ಖುಷಿಯಿಂದಲೇ ಕಚ್ಚುತ್ತವೆ. ಕಷ್ಟವಾಗುವುದು ಎರಡರಿಂದ ಮೂರು ವರ್ಷದವರ ಹತ್ತಿರ. ಅವರಿಗೆ ಬೇಡ ಎನ್ನುವುದೇ ಒಂದು ಆಟವಾದ್ದರಿಂದ, ಮೊದಲು ಒಂದು ಬತ್ತಿಯನ್ನು ಅಮ್ಮನ ಬಾಯಿಗೆ, ಇನ್ನೊಂದನ್ನು ಗೊಂಬೆಯ ಬಾಯಿಗೆ ಇಟ್ಟು ತೋರಿಸಿ, ಆಮೇಲೆ ಮಗುವಿನ ಸರದಿ ಬರುವಂತೆ ಮಾಡಬೇಕಾಗುತ್ತದೆ. ಹಾಗೆ ಒಂದೆರಡು ಬತ್ತಿ ವ್ಯರ್ಥವಾಗುವುದನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳಿತು. ಮಗು ಅತ್ತರೆ ಮಾದರಿ ಹಾಳಾಯಿತೆಂದು ಹೊಸಬರು ಗಾಬರಿಯಾಗುತ್ತಾರೆ. ಹಾಗೇನೂ ಇಲ್ಲ. ಒತ್ತಡದ ಕ್ಷಣಕ್ಕೂ ಜೊಲ್ಲಿನಲ್ಲಿ ಕಾರ್ಟಿಸೋಲ್ ಏರಿ ತುದಿ ಮುಟ್ಟುವುದಕ್ಕೂ ನಡುವೆ ಇಪ್ಪತ್ತು ನಿಮಿಷದಷ್ಟು ಅಂತರವಿರುವುದರಿಂದ, ಈಗ ತೆಗೆದ ಮಾದರಿ ಹೇಳುವುದು ನಾವು ಬಾಗಿಲು ತಟ್ಟುವುದಕ್ಕೂ ಮೊದಲಿನ ಕಥೆಯನ್ನು. ಅಳುವಿನ ಪರಿಣಾಮ ಕಾಣುವುದು ಅದರ ಮುಂದಿನ ಮಾದರಿಯಲ್ಲಿ.

ಮನೆಯ ಹಿರಿಯರನ್ನು ಒಪ್ಪಿಸುವುದು ಬೇರೆಯೇ ಕೆಲಸ. ಎಂಜಲನ್ನು ಶೀಷೆಗೆ ತುಂಬಿಕೊಂಡು ಹೋಗಿ ಏನು ಮಾಡುತ್ತೀರಿ ಎಂದು ಅಜ್ಜಿಯರು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಕೊರೊನಾ ಕಾಲದ ಮೂಗಿನ ಕಡ್ಡಿಯ ನೆನಪು ಇನ್ನೂ ಹಸಿಯಾಗಿರುವುದರಿಂದ ‘ಸ್ವಾಬ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಮಗುವನ್ನು ಒಳಗೆ ಎತ್ತಿಕೊಂಡು ಹೋದವರೂ ಇದ್ದಾರೆ. ಬತ್ತಿಯನ್ನು ಅವರ ಕೈಗೇ ಕೊಟ್ಟು, ಮುಟ್ಟಿ ನೋಡಲು ಬಿಟ್ಟರೆ ಅರ್ಧ ಭಯ ಹೋಗುತ್ತದೆ. ಬತ್ತಿ ಹಿಡಿಯುವ ಕೆಲಸವನ್ನು ಅಮ್ಮನಿಗೋ ಅಜ್ಜಿಗೋ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಅಪರಿಚಿತರ ಕೈಯಾಗಬೇಕೆಂದು ಯಾವ ನಿಯಮವೂ ಇಲ್ಲ.

ಇನ್ನು ಹಾಲಿನ ವಿಷಯ. ಈ ವಸ್ತುವಿನ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ, ಆದರೆ ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಸಂಗತಿ ಇದು. ಹಸುವಿನ ಹಾಲಿನಲ್ಲಿಯೂ ತಾಯಿಯ ಹಾಲಿನಲ್ಲಿಯೂ ಕಾರ್ಟಿಸೋಲ್ ಇರುತ್ತದೆ. ಹಾಲು ಕುಡಿದ ಬಾಯಿಗೆ ತಕ್ಷಣ ಬತ್ತಿ ಇಟ್ಟರೆ ನಾವು ಅಳೆಯುವುದು ಮಗುವಿನ ಹಾರ್ಮೋನನ್ನೋ, ಅಮ್ಮನದನ್ನೋ, ಕೊಟ್ಟಿಗೆಯ ಹಸುವಿನದನ್ನೋ ಹೇಳಲಾಗದು. ಹುಳಿ ಪದಾರ್ಥಗಳದು ಇನ್ನೊಂದು ತೊಂದರೆ: ಜೊಲ್ಲಿನ ಆಮ್ಲೀಯತೆ ಹೆಚ್ಚಾದರೆ ಪ್ರಯೋಗಾಲಯದಲ್ಲಿ ಹಾರ್ಮೋನನ್ನು ಹಿಡಿದು ಅಳೆಯಲು ಬಳಸುವ ಪ್ರತಿಕಾಯಗಳು (ಆಂಟಿಬಾಡಿಗಳು) ಅದಕ್ಕೆ ಅಂಟುವ ಕ್ರಿಯೆಯೇ ಏರುಪೇರಾಗಿ, ಇಲ್ಲದ ಏರಿಕೆ ಕಾಣಿಸಿಕೊಳ್ಳುತ್ತದೆ. ಹಿಂದೊಮ್ಮೆ ಅಮೆರಿಕದಲ್ಲಿ ಮಕ್ಕಳ ಬಾಯಲ್ಲಿ ನೀರೂರಿಸಲು ಸಿಹಿಹುಳಿ ಪಾನೀಯದ ಪುಡಿಯನ್ನು ಹತ್ತಿಗೆ ಸವರಿ ಕೊಡುವ ರೂಢಿ ಇತ್ತು. ಅದು ಮಾಪನವನ್ನೇ ತಪ್ಪಿಸುತ್ತದೆಂದು ಗ್ರೇಂಜರ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ಮೇಲೆ ಆ ರೂಢಿ ಹಿಂದೆ ಸರಿಯಿತು. ಸಾದಾ ಬತ್ತಿಯೇ ಸಾಕಷ್ಟು ಜೊಲ್ಲನ್ನು ಹೀರಿಕೊಳ್ಳುವುದರಿಂದ ಅಂಥ ಆಮಿಷದ ಅಗತ್ಯವೇ ಬೀಳದು ಎಂಬುದು ಈ ಉತ್ಪನ್ನದ ದೊಡ್ಡ ಗುಣ. ಸಲಿಮೆಟ್ರಿಕ್ಸ್‌ನದೇ ಪರೀಕ್ಷಾ ಕಿಟ್‌ಗೆ ಒಂದು ಅಳತೆಗೆ ಬೇಕಾಗುವುದು 25 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಕಡಿಮೆ. ಖಚಿತತೆಗಾಗಿ ಎರಡು ಸಲ ಅಳೆದರೂ ಚೆನ್ನಾಗಿ ನೆನೆದ ತುದಿಯಿಂದ ಧಾರಾಳವಾಗಿ ಸಿಗುತ್ತದೆ. ರಾಗಿ ಸರಿಯನ್ನೋ ಮಣ್ಣಿಯನ್ನೋ ತಿಂದ ಮಗುವಾದರೆ ಬಾಯಿಗೆ ಎರಡು ಗುಟುಕು ನೀರು ಕುಡಿಸಿ, ಹತ್ತು ನಿಮಿಷವಾದರೂ ಬಿಟ್ಟು ಮಾದರಿ ತೆಗೆಯಬೇಕು. ನೀರು ಕುಡಿಸಿದ ಕೂಡಲೇ ತೆಗೆದರೆ ಜೊಲ್ಲು ತೆಳುವಾಗುತ್ತದೆ. ವಸಡಿನಿಂದ ರಕ್ತ ಒಸರುವ ಮಗುವನ್ನು ಆ ದಿನ ಬಿಟ್ಟುಬಿಡುವುದೇ ಲೇಸು, ಏಕೆಂದರೆ ರಕ್ತದಲ್ಲಿ ಈ ಹಾರ್ಮೋನಿನ ಪ್ರಮಾಣ ಜೊಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು.

ಬತ್ತಿಯ ಜೊತೆಗೆ ಬರುವ ಕಾಗದದಲ್ಲಿ ಈ ಎಚ್ಚರಿಕೆಗಳೆಲ್ಲ ಒಂದಲ್ಲ ಒಂದು ರೂಪದಲ್ಲಿ ಇರುತ್ತವೆ. ಗಡಿಯಾರದ ವಿಷಯದಲ್ಲಿ ಮಾತ್ರ ಯಾವ ಕಾಗದವೂ ಸಾಲದು. ಕಾರ್ಟಿಸೋಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ: ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ತುದಿಗೇರಿ, ಆಮೇಲೆ ಇಳಿಯುತ್ತಾ ಹೋಗಿ, ರಾತ್ರಿ ಮಲಗುವ ಹೊತ್ತಿಗೆ ತೀರ ಕೆಳಗಿರುತ್ತದೆ. ಹುಟ್ಟಿದ ಕೂಸಿಗೆ ಈ ಲಯವೇ ಇಲ್ಲ, ಅದು ಮೊದಲ ಕೆಲವು ತಿಂಗಳುಗಳಲ್ಲಿ ನಿಧಾನವಾಗಿ ಮೂಡುತ್ತದೆ. ಮಧ್ಯಾಹ್ನ ಮಲಗುವ ವಯಸ್ಸು ಮುಗಿಯುವವರೆಗೂ ಅದು ದೊಡ್ಡವರ ಲಯದಂತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ಬೆಳಗ್ಗೆ ಏಳಕ್ಕೆ ತೆಗೆದ ಮಾದರಿಯನ್ನು ಹನ್ನೊಂದಕ್ಕೆ ತೆಗೆದ ಮಾದರಿಯ ಪಕ್ಕದಲ್ಲಿಟ್ಟು ಈ ಮಗುವಿಗೆ ಒತ್ತಡ ಹೆಚ್ಚು, ಆ ಮಗುವಿಗೆ ಕಡಿಮೆ ಎನ್ನುವುದು ಬೆಳಗಿನ ನೆರಳನ್ನೂ ನಡುಹಗಲಿನ ನೆರಳನ್ನೂ ಅಳೆದು ಎತ್ತರ ನಿರ್ಧರಿಸಿದಂತೆ. ಮಗು ಎಷ್ಟು ಹೊತ್ತಿಗೆ ಎದ್ದಿತು, ಹಗಲಿನಲ್ಲಿ ಎಷ್ಟು ಹೊತ್ತಿಗೆ ಮಲಗಿ ಎದ್ದಿತು, ಕೊನೆಯ ಸಲ ಏನು ತಿಂದಿತು, ಜ್ವರವಿತ್ತೇ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಕೊಟ್ಟಿದ್ದರೇ ಎಂಬುದನ್ನೆಲ್ಲ ಬರೆದುಕೊಳ್ಳದ ಮಾದರಿಗೆ ಬೆಲೆಯಿಲ್ಲ, ಅದನ್ನು ಎಷ್ಟೇ ಒಳ್ಳೆಯ ಬತ್ತಿಯಿಂದ ತೆಗೆದಿದ್ದರೂ.

ತೆಗೆದ ಮೇಲಿನ ಕೆಲಸವೂ ಕಡಿಮೆಯಲ್ಲ. ನೆನೆದ ತುದಿಯನ್ನು ಅದಕ್ಕಾಗಿಯೇ ಇರುವ ಕೊಳವೆಯ ಒಳಬುಟ್ಟಿಗೆ ಇಳಿಸಿ ಮುಚ್ಚಳ ಹಾಕಬೇಕು. ಕೊಳವೆಯನ್ನು ಬೇರೆಯಾಗಿಯೇ ಕೊಳ್ಳಬೇಕೆಂಬುದನ್ನು ಗಮನಿಸದೆ ಬರೀ ಬತ್ತಿ ತರಿಸಿಕೊಂಡರೆ ಪೇಚಾಟ. ಆಮೇಲೆ ಆದಷ್ಟು ಬೇಗ ತಣ್ಣಗಿಟ್ಟು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಫ್ರೀಜರಿಗೆ ಸೇರಿಸಿ, ಅಳೆಯುವ ದಿನ ಕರಗಿಸಿ, ವೇಗವಾಗಿ ಸುತ್ತಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ತಿಳಿಯಾದ ಜೊಲ್ಲು ಕೊಳವೆಯ ತಳಕ್ಕೆ ಇಳಿಯುತ್ತದೆ. ಹೆಪ್ಪುಗಟ್ಟಿಸಿ ಕರಗಿಸುವುದರಿಂದ ಲೋಳೆಯ ಅಂಶ ಬೇರ್ಪಡುವುದೂ ಒಂದು ಲಾಭವೇ. ಹಳ್ಳಿಗಳ ಕಡೆ ಹೋಗುವಾಗ ಐಸ್‌ಪ್ಯಾಕ್ ತುಂಬಿದ, ಲಸಿಕೆ ಒಯ್ಯುವ ನೀಲಿ ಡಬ್ಬಿಯೇ ನಮಗೆ ಆಧಾರ. ಕಾರ್ಟಿಸೋಲ್ ಸ್ವಲ್ಪ ಗಟ್ಟಿ ಜೀವವಾದ್ದರಿಂದ ಕೆಲವು ಗಂಟೆಗಳ ಪ್ರಯಾಣವನ್ನು ತಡೆದುಕೊಳ್ಳುತ್ತದೆ. ಅದೇ ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳಿಗೆ ಅಷ್ಟು ಸಹನೆಯಿಲ್ಲ.

ಪ್ರೋಟೀನುಗಳ ಮಾತು ಬಂದಿದ್ದರಿಂದ ಈ ಬತ್ತಿಯ ಮಿತಿಯನ್ನೂ ಹೇಳಬೇಕು. ಪಿಷ್ಟವನ್ನು ಒಡೆಯುವ ಆಲ್ಫಾ ಅಮೈಲೇಸ್ ಎಂಬ ಕಿಣ್ವ, ದೇಹ ಓಟಕ್ಕೋ ಹೋರಾಟಕ್ಕೋ ಸಜ್ಜಾಗುವ ನರವ್ಯವಸ್ಥೆಯ ಚುರುಕುತನದ ಸೂಚಕವೂ ಹೌದೆಂದು ಕಳೆದ ಎರಡು ದಶಕಗಳಲ್ಲಿ ಬಹಳಷ್ಟು ಅಧ್ಯಯನಗಳು ಅದನ್ನು ಅಳೆದಿವೆ. ಕಾರ್ಟಿಸೋಲ್‌ನಂತೆ ಇದು ರಕ್ತದಿಂದ ಸೋಸಿ ಬಂದದ್ದಲ್ಲ, ಜೊಲ್ಲಿನ ಗ್ರಂಥಿಗಳೇ ತಯಾರಿಸುವಂಥದ್ದು. ಆದ್ದರಿಂದ ಜೊಲ್ಲು ಎಷ್ಟು ವೇಗವಾಗಿ ಸುರಿಯುತ್ತಿದೆ, ಬತ್ತಿಯನ್ನು ನಾಲಗೆಯಡಿ ಇಟ್ಟಿದ್ದೇವೋ ಕಿವಿಯ ಹತ್ತಿರದ ಗ್ರಂಥಿಯ ಬಾಯಿ ಇರುವ ಕೆನ್ನೆಯ ಪಕ್ಕ ಇಟ್ಟಿದ್ದೇವೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಸುಮ್ಮನೆ ಕುಳಿತಿರದ ಮಗುವಿನ ಬಾಯಲ್ಲಿ ಬತ್ತಿ ಒಂದೇ ಜಾಗದಲ್ಲಿ ನಿಲ್ಲುವುದು ಅಪರೂಪ. ಮೇಲಾಗಿ ಹುಟ್ಟಿದಾಗ ಈ ಕಿಣ್ವ ಬಹಳ ಕಡಿಮೆಯಿದ್ದು, ಮಗು ಗಟ್ಟಿ ಆಹಾರಕ್ಕೆ ಬರುವ ತಿಂಗಳುಗಳಲ್ಲಿ ವೇಗವಾಗಿ ಏರುತ್ತದೆ. ಆರು ತಿಂಗಳ ಕೂಸಿನ ಅಂಕಿಯನ್ನೂ ಒಂದು ವರ್ಷದ ಕೂಸಿನ ಅಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅಮೈಲೇಸೇ ಮುಖ್ಯವಾದ ಅಧ್ಯಯನಕ್ಕೆ, ಮಕ್ಕಳು ನಾಲ್ಕು ವರ್ಷ ದಾಟಿದ್ದರೆ, ನಾನು ಕೊಳವೆಯಲ್ಲಿ ಜೊಲ್ಲು ಇಳಿಸುವ ವಿಧಾನವನ್ನೇ ಆರಿಸುತ್ತೇನೆ. ಹತ್ತಿಗೆ ಹೋಲಿಸಿದರೆ ಕೃತಕ ನಾರು ಎಷ್ಟೋ ಮೇಲು, ನಿಜ. ಟೆಸ್ಟೋಸ್ಟೀರೋನ್‌ನಂಥ ಹಾರ್ಮೋನುಗಳ ಅಳತೆಯನ್ನು ಹತ್ತಿ ಗಣನೀಯವಾಗಿ ತಪ್ಪಿಸುತ್ತದೆಂಬುದು 2001ರಷ್ಟು ಹಿಂದೆಯೇ ಪ್ರಕಟವಾದ ಸಂಗತಿ.

ಇಷ್ಟೆಲ್ಲ ಶ್ರಮಪಟ್ಟು ಕೂಡಿಸಿದ ಜೊಲ್ಲು ಹೇಳಿರುವುದಾದರೂ ಏನು? ಮಿನೆಸೋಟ ವಿಶ್ವವಿದ್ಯಾಲಯದ ಮೇಗನ್ ಗನ್ನರ್ ಮತ್ತು ಅವರ ಸಂಗಡಿಗರು, ಆಮೇಲೆ ಬೇರೆ ದೇಶಗಳ ಸಂಶೋಧಕರು ಕಂಡುಕೊಂಡ ಒಂದು ವಿಷಯ ನಮ್ಮ ನಗರಗಳ ಡೇಕೇರ್‌ಗಳಿಗೂ ಸಲ್ಲುತ್ತದೆ: ಮನೆಯಲ್ಲಿರುವ ದಿನ ಬೆಳಗಿನಿಂದ ಸಂಜೆಗೆ ಇಳಿಯುವ ಕಾರ್ಟಿಸೋಲ್, ದಿನವಿಡೀ ಶಿಶುಪಾಲನಾ ಕೇಂದ್ರದಲ್ಲಿ ಕಳೆಯುವ ದಿನ ಅನೇಕ ಪುಟ್ಟ ಮಕ್ಕಳಲ್ಲಿ ಏರುತ್ತದೆ, ಮೂರು ವರ್ಷದ ಒಳಗಿನವರಲ್ಲಿ, ಆರೈಕೆಯ ಗುಣಮಟ್ಟ ಕಡಿಮೆಯಿರುವಲ್ಲಿ ಈ ಏರಿಕೆ ಹೆಚ್ಚು. ಇದರ ಅರ್ಥ ಡೇಕೇರ್ ಕೆಟ್ಟದ್ದು ಎಂದಲ್ಲ, ಸಂಖ್ಯೆಗಳೂ ಹಾಗೆ ಹೇಳುವುದಿಲ್ಲ. ಒಬ್ಬ ಆಯಾಳ ಕೈಗೆ ಎಷ್ಟು ಮಕ್ಕಳನ್ನು ಒಪ್ಪಿಸಲಾಗಿದೆ ಎಂಬ ಪ್ರಶ್ನೆಯನ್ನು ಅವು ಎತ್ತುತ್ತವೆ. ಇದಕ್ಕಿಂತ ಗಾಢವಾದ ಉದಾಹರಣೆ ರೊಮೇನಿಯದ್ದು. ಅಲ್ಲಿಯ ಅನಾಥಾಲಯಗಳಲ್ಲಿ ಬೆಳೆಯುತ್ತಿದ್ದ ಮಕ್ಕಳ ಜೊಲ್ಲನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ, ದಿನದ ಸಹಜ ಏರಿಳಿತವೇ ಮಂಕಾಗಿರುವುದು ಕಂಡುಬಂತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಮುನ್ನಡೆಸಿದ ಬುಖಾರೆಸ್ಟ್ ಅಧ್ಯಯನದಲ್ಲಿ 136 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಅವರು ಹನ್ನೆರಡು ವರ್ಷದವರಾದಾಗ ಒತ್ತಡದ ಪರೀಕ್ಷೆ ನಡೆಸಿದರೆ, ಸಂಸ್ಥೆಯಲ್ಲೇ ಉಳಿಸಲಾಗಿದ್ದ ಗುಂಪಿನ ದೇಹಗಳು ಏರಬೇಕಾದಷ್ಟು ಏರಲಿಲ್ಲ. ತೀರ ಎಳೆಯ ವಯಸ್ಸಿನಲ್ಲಿಯೇ, ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದ್ದವರಲ್ಲಿ ಪ್ರತಿಕ್ರಿಯೆ ಸಾಮಾನ್ಯ ಮಕ್ಕಳದಕ್ಕೆ ಹತ್ತಿರವಾಗಿತ್ತು. ಕಾರ್ಟಿಸೋಲ್ ಹೆಚ್ಚಾದರೆ ಕೇಡು, ಕಡಿಮೆಯಾದರೆ ಕ್ಷೇಮ ಎಂಬ ಸರಳ ನಂಬಿಕೆಯನ್ನು ಈ ಒಂದು ಫಲಿತಾಂಶವೇ ಅಲುಗಾಡಿಸುತ್ತದೆ.

ಕರ್ನಾಟಕದಲ್ಲಿಯೂ ಇಂಥ ಕೆಲಸ ನಡೆದಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಆರಂಭವಾದ ‘ಪಾರ್ಥೆನಾನ್’ ಅಧ್ಯಯನ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅವರು ಹದಿಹರೆಯಕ್ಕೆ ಬಂದಾಗ ಅಪರಿಚಿತ ತೀರ್ಪುಗಾರರ ಮುಂದೆ ಮಾತಾಡಿಸುವ, ಬಾಯಿಲೆಕ್ಕ ಮಾಡಿಸುವ ಟ್ರಿಯರ್ ಪರೀಕ್ಷೆಯನ್ನು ನಡೆಸಿ ಜೊಲ್ಲಿನ ಕಾರ್ಟಿಸೋಲ್ ಅಳೆಯಿತು. ಗರ್ಭದಲ್ಲಿದ್ದಾಗಿನ ಸ್ಥಿತಿಗೂ ಬೆಳೆದ ಮೇಲಿನ ಒತ್ತಡದ ಪ್ರತಿಕ್ರಿಯೆಗೂ ಸಂಬಂಧವಿದೆಯೇ ಎಂಬುದನ್ನು ನಮ್ಮ ಊರಿನ ಮಕ್ಕಳಲ್ಲಿಯೇ ಕೇಳಿದ್ದು ಸಣ್ಣ ವಿಷಯವಲ್ಲ. ಅಲ್ಲಿಯವರು ಹದಿಮೂರು ವರ್ಷದ ಆಸುಪಾಸಿನವರಾದ್ದರಿಂದ ಈ ಉದ್ದನೆಯ ಬತ್ತಿಯ ಅಗತ್ಯ ಬರುವ ವಯಸ್ಸಲ್ಲ. ಅಂಗನವಾಡಿಯ ವಯಸ್ಸಿನವರಲ್ಲಿ ಇಂಥ ಕೆಲಸ ಹೆಚ್ಚಬೇಕೆಂದು ಬಯಸುವವರಿಗೆ ಮಾತ್ರ ಇದು ಕೈಗೆ ಒದಗುವ ವಸ್ತು.

ಮೇಲೆ ಹೇಳಿದ ಪ್ರತಿಯೊಂದು ತೀರ್ಮಾನವೂ ಗುಂಪುಗಳ ಕುರಿತದ್ದು ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಒಂದೇ ಮಾದರಿಯಿಂದ ಒಂದೇ ಮಗುವಿನ ಮನಸ್ಸನ್ನು ಓದಿಕೊಡುವುದಾಗಿ ಹೇಳುವ ಸೇವೆಗಳು ಈಗ ತಲೆಯೆತ್ತುತ್ತಿವೆ. ಪರಿಚಯದ ದಂಪತಿ ತಂದು ತೋರಿಸಿದ ಅಂಥ ಒಂದು ವರದಿಯಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳಿದ್ದವು, ಮಗುವಿನ ಹೆಸರಿನ ಮುಂದೆ ಕೆಂಪು ಬಾಣವಿತ್ತು. ಮಾದರಿ ತೆಗೆದ ಸಮಯ ಎಲ್ಲಿಯೂ ಇರಲಿಲ್ಲ. ಕೂಸು ಎದ್ದು ಎಷ್ಟು ಹೊತ್ತಾಗಿತ್ತು ಎಂದು ಕೇಳಿದರೆ ತಾಯಿಗೂ ನೆನಪಿಲ್ಲ, ಯಾರೂ ಕೇಳಿರಲೂ ಇಲ್ಲ. ಒಂದೇ ಮಗುವಿನಲ್ಲಿ ಒಂದು ದಿನದಿಂದ ಇನ್ನೊಂದು ದಿನಕ್ಕೆ ಈ ಅಂಕಿ ಎಷ್ಟು ಜಿಗಿಯುತ್ತದೆಂಬುದು ಗೊತ್ತಿದ್ದವರು ಅಂಥ ಬಾಣವನ್ನು ಬರೆಯುವುದಿಲ್ಲ. ದೇಹದಲ್ಲಿ ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್‌ನಂಥ ಕಾಯಿಲೆಯ ಅನುಮಾನವಿದ್ದಾಗ ವೈದ್ಯರು ತಡರಾತ್ರಿಯ ಜೊಲ್ಲಿನ ಪರೀಕ್ಷೆ ಬರೆದುಕೊಡುವುದುಂಟು. ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಉತ್ತರ. ಮಗು ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಡೇಕೇರ್ ಬಾಗಿಲಲ್ಲಿ ದಿನವೂ ಅಳುತ್ತದೆ, ಮಾತು ತಡವಾಗಿದೆ ಎಂಬ ಚಿಂತೆಯಿರುವ ತಂದೆತಾಯಿಗಳು ಮಕ್ಕಳ ವೈದ್ಯರನ್ನು ಕಾಣಬೇಕು. ಆ ದುಡ್ಡನ್ನು ಬತ್ತಿಗೆ ಹಾಕಬಾರದು.

ಕೊಳ್ಳುವವರಿಗೆ ಕೆಲವು ಮಾತು. ಹೊರದೇಶದಿಂದ ತರಿಸುವಾಗ ಸಾಗಣೆ ಮತ್ತು ಸುಂಕ ಸೇರಿ ವೆಚ್ಚ ಗಮನಾರ್ಹವಾಗಿ ಏರುವುದರಿಂದ, ಬೇರೆ ಬೇರೆ ಅಧ್ಯಯನಗಳ ಬೇಡಿಕೆಯನ್ನು ಒಟ್ಟು ಮಾಡಿ ಒಂದೇ ಸಲ ತರಿಸುವುದು ಜಾಣತನ. ಒಂದು ಅಧ್ಯಯನವನ್ನು ಯಾವ ಬಗೆಯ ಬತ್ತಿಯಿಂದ ಆರಂಭಿಸುತ್ತೀರೋ ಅದರಿಂದಲೇ ಮುಗಿಸಬೇಕು. ನಡುವೆ ಸಂಗ್ರಹದ ವಸ್ತು ಬದಲಾದರೆ ಅಂಕಿಗಳು ಮಕ್ಕಳ ಕಾರಣದಿಂದ ಬದಲಾದವೋ ನಾರಿನ ಕಾರಣದಿಂದಲೋ ತಿಳಿಯದು. ಆರು ತಿಂಗಳ ಒಳಗಿನ ಕೂಸುಗಳಿಗೆ ಇದೇ ಕಂಪನಿಯ ಇನ್ನೂ ಸಣ್ಣನೆಯ ‘ಇನ್‌ಫಂಟ್ ಸ್ವಾಬ್’ ಇದೆ, ಆರು ವರ್ಷ ದಾಟಿದವರಿಗೆ ಗಿಡ್ಡನೆಯದು ಬೇರೆ ಇದೆ. ವಯಸ್ಸು ನೋಡದೆ ಒಂದೇ ಬಗೆಯನ್ನು ಎಲ್ಲರಿಗೂ ಬಳಸುವುದು ಬೇಡ. ಬೇರೆ ಪ್ರಯೋಗಾಲಯದ ಫಲಿತಾಂಶದ ಜೊತೆ ಹೋಲಿಸುವಾಗ ಅಳತೆಯ ಏಕಮಾನವನ್ನು ನೋಡಿಕೊಳ್ಳಿ: ಅಮೆರಿಕದ ಕಿಟ್‌ಗಳು ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಯುರೋಪಿನವರು ಲೀಟರಿಗೆ ನ್ಯಾನೊಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ, ಮೊದಲಿನದನ್ನು 27.59ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಕೊಳವೆಯ ಮೇಲೆ ಬರೆಯಲು ಫ್ರೀಜರಿನಲ್ಲಿ ಅಳಿಸಿಹೋಗದ ಮಾರ್ಕರ್ ಪೆನ್ನನ್ನೂ, ಮಗು ಎದ್ದ ಹೊತ್ತನ್ನು ಅಮ್ಮ ಗುರುತು ಹಾಕಿಡಲು ಕನ್ನಡದಲ್ಲಿ ಅಚ್ಚಾದ ಒಂದು ಚೀಟಿಯನ್ನೂ ಜೊತೆಗೆ ಇಟ್ಟುಕೊಂಡಿರಿ.